ಹಾಸಿಗೆ ಹೊತ್ತು ಗುಡ್ಡ ಹತ್ತಿದವರು

"ಸರೀರೀ... ಪಕ್ಕಕ್ಕೆ ಸರೀರೀ!"

ಚನ್ನಗಿರಿ ಕೋಟೆ ಗುಡ್ಡದ ಹಿಂಬದಿ. ಬಂಡೆಯೊಂದರ ನಡುಮಧ್ಯದಲ್ಲಿ, ಬೆರಳ ತುದಿಗಷ್ಟೇ ಜಾಗವಿದ್ದ ಅಂಚು ಹಿಡಿದು ನೇತಾಡುತ್ತಿದ್ದ ಮೇಘಶ್ರೀ ಗಂಟಲು ಹರಿಯುವಂತೆ ಕೂಗಿದಳು.

ಕೆಳಗೆ ನಿಂತಿದ್ದವನು ಸರಿಯಲಿಲ್ಲ! ಇಸ್ತ್ರಿ ಮುರಿಯದ ಬಿಳಿ ಅಂಗಿ, ಅಚ್ಚುಕಟ್ಟಾಗಿ ಬಾಚಿದ ತಲೆ. ಎಲ್ಲಿಂದಲೋ ಓಡಿಬಂದು ಎರಡೂ ಕೈ ಮೇಲೆತ್ತಿ ನಿಂತುಬಿಟ್ಟಿದ್ದ.

"ಹೆದರಬ್ಯಾಡ್ರಿ! ಕೈ ಬಿಡ್ರಿ, ನಾನು ಹಿಡ್ಕಂತೀನಿ!"

"ನೀವು ನನ್ನ ಹಾಸಿಗೆ ಮೇಲೆ ನಿಂತೀರಿ! ನಾನು ಎಲ್ಲಿಗೆ ಜಿಗೀಬೇಕು?"

ಆಗಷ್ಟೇ ಆ ಮನುಷ್ಯ ತನ್ನ ಕಾಲ ಕೆಳಗೆ ನೋಡಿಕೊಂಡ. ಟಾರ್ಪಾಲು ಹೊಲಿದ ದಪ್ಪನೆಯ ಹಾಸಿಗೆ! ಗುಡ್ಡದ ಮೇಲೆ ಹಾಸಿಗೆ ಯಾಕೆ ಬಂತು ಎಂದು ಅವನು ಯೋಚಿಸುವಷ್ಟರಲ್ಲಿ ಅವಳ ಬೆರಳು ಜಾರಿತು. ಅವಳು ಬಿದ್ದದ್ದು ನೇರ ಅವನ ಮೇಲೆ. ಇಬ್ಬರೂ ಉರುಳಿ ಕೆಂಪು ಮಣ್ಣಿಗೆ ಬಂದರು.

"ಪೆಟ್ಟಾತೇನ್ರೀ?" ಅವನು ಗಾಬರಿಯಿಂದ ಕೇಳಿದ.

"ನನಗಲ್ಲ, ನಿಮಗಾಗೈತೆ. ಮೊಣಕೈ ನೋಡ್ಕಳ್ರಿ!"

ಅವಳು ಹಾಸಿಗೆಯನ್ನು ಮಡಚಿ, ಶಾಲೆ ಮಕ್ಕಳು ಚೀಲ ಹಾಕಿಕೊಳ್ಳುವಂತೆ ಬೆನ್ನಿಗೆ ಏರಿಸಿ, ತಿರುಗಿಯೂ ನೋಡದೆ ಇಳಿದುಹೋದಳು. ಅವನು ಬಾಯಿ ತೆರೆದು ನೋಡುತ್ತಲೇ ಉಳಿದ.

ಹಗ್ಗ ಕಟ್ಟಿಕೊಳ್ಳದೆ ಬರಿಗೈಯಲ್ಲಿ ಬಂಡೆ ಹತ್ತುವ ಈ ಆಟಕ್ಕೆ ಬೌಲ್ಡರಿಂಗ್ ಎನ್ನುತ್ತಾರೆ. ಬಿದ್ದರೆ ಕೆಳಗೊಂದು ಹಾಸಿಗೆ, ಅಷ್ಟೇ ಆಧಾರ. ಹೊನ್ನಾಳಿಯ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿದ್ದ ಮೇಘಶ್ರೀ, ಬೈಕ್ ಸೀಟು ಹೊಲಿಯುವವರ ಕೈಯಲ್ಲಿ ಫೋಮ್ ತುಂಬಿಸಿ ತನ್ನ ಹಾಸಿಗೆಯನ್ನು ತಾನೇ ಮಾಡಿಸಿಕೊಂಡಿದ್ದಳು. ಸವಳಂಗದ ಅವಳ ಅಪ್ಪ ಅಮ್ಮನಿಗೆ ಮಗಳ ಈ ಹುಚ್ಚು ಗೊತ್ತಿತ್ತು. ಗಂಡಿನ ಕಡೆಯವರಿಗೆ ಗೊತ್ತಾಗಬಾರದು ಎಂಬುದೊಂದೇ ಅವರ ಪ್ರಾರ್ಥನೆ. ಏಕೆಂದರೆ ಅಂದು ಮಧ್ಯಾಹ್ನವೇ ಚನ್ನಗಿರಿಯ ಸೋದರಮಾವನ ಮನೆಯಲ್ಲಿ ಹೆಣ್ಣು ನೋಡುವ ಶಾಸ್ತ್ರವಿತ್ತು!

ಮಧ್ಯಾಹ್ನ ಚಹಾದ ತಟ್ಟೆ ಹಿಡಿದು ಒಳಗೆ ಬಂದವಳು ಹೊಸ್ತಿಲಲ್ಲೇ ನಿಂತಳು. ನೀವು ಊಹಿಸಿದ್ದು ಸರಿ. ಎದುರು ಕುಳಿತಿದ್ದದ್ದು ಅವನೇ! ಕೆರೆಬಿಳಚಿಯ ಅಡಿಕೆ ಬೆಳೆಗಾರರ ಮನೆಯ ಗುರುಬಸವರಾಜ್. ಊರಿಗೆ ಬೇಗ ಬಂದವನು ಹೊತ್ತು ಕಳೆಯಲು ಕೋಟೆ ನೋಡಹೋಗಿದ್ದ. ಬಿಳಿ ಅಂಗಿಯ ತೋಳಿನಲ್ಲಿ ಕೆಂಪು ಮಣ್ಣು ಇನ್ನೂ ಹಾಗೇ ಇತ್ತು.

"ಇದೇನಪ್ಪಾ, ಅಂಗಿಗೆ ಮಣ್ಣಾಗೈತೆ?" ಮಾವ ಕೇಳಿಯೇಬಿಟ್ಟರು.

ಮೇಘಶ್ರೀ ತಟ್ಟೆಯತ್ತ ತಲೆ ತಗ್ಗಿಸಿದಳು. 'ಮುಗೀತು ನನ್ನ ಕಥೆ...'

"ಬರ್ತಾ ಗಾಡಿ ಸ್ಕಿಡ್ ಆತ್ರಿ," ಎಂದ ಗುರು. ಎಂದವನೇ ಚಹಾಕ್ಕೆ ಕೈ ಚಾಚಿ, ಅವಳಿಗಷ್ಟೇ ಕಾಣುವಂತೆ ತುಟಿಯಂಚಿನಲ್ಲಿ ನಕ್ಕ.

ಹಿತ್ತಿಲಲ್ಲಿ ಇಬ್ಬರನ್ನೇ ಮಾತಾಡಲು ಬಿಟ್ಟಾಗ ಅವಳು ಸುತ್ತಿಬಳಸಲಿಲ್ಲ.

"ಮದುವೆ ಆದ್ಮೇಲೆ ಬಂಡೆ ಹತ್ತಾಕೆ ಬಿಡ್ತೀರೇನು?"

"ಹತ್ತೋ ಕಾಲು ನಿಮ್ಮವು. ಬಿಡಾಕೆ ನಾನ್ಯಾರ್ರಿ?" ಅವನು ಸ್ವಲ್ಪ ತಡೆದು ಸೇರಿಸಿದ, "ಆದ್ರೆ ಆ ಹಾಸಿಗೆ ಹೊರಾಕೆ ಒಬ್ರು ಬೇಕಲ್ಲ..."

ಅವಳು ಒಪ್ಪಿದ್ದು ಆ ಮಾತಿಗೇ.

* * *

ಕಾರ್ತಿಕದಲ್ಲಿ ಮದುವೆ ಮುಗಿಯಿತು. ಜನವರಿಯ ಚಳಿ ಬಿಗಿಯಾದಾಗ ಇಬ್ಬರೂ ಹೊರಟರು. ಚಳಿಗಾಲವೇ ಬಂಡೆ ಹತ್ತುವವರಿಗೆ ಹಬ್ಬ. ಕಲ್ಲು ತಣ್ಣಗಿದ್ದರೆ ಅಂಗೈ ಬೆವರುವುದಿಲ್ಲ, ಬೆರಳು ಕಚ್ಚಿಕೊಳ್ಳುತ್ತದೆ.

ಟೆಂಟು, ಸ್ಟವ್ವು, ಕಂಬಳಿ ಎಲ್ಲ ಓಮ್ನಿಗೆ ಏರಿದವು. ಕೊನೆಗೆ ಹಾಸಿಗೆ ಬಂತು. ಅತ್ತೆ ಸಿದ್ದಲಿಂಗಮ್ಮ ಸೊಂಟಕ್ಕೆ ಕೈಯಿಟ್ಟು ನಿಂತರು.

"ಮನೇಲಿ ಮಂಚ ಐತೆ, ಕೋಣೆ ಐತೆ. ಹೊಸದಾಗಿ ಮದುವೆ ಆದೋರು ಹಾಸಿಗೆ ತಗಂಡು ಗುಡ್ಡಕ್ಕೆ ಹೋದ್ರೆ ನೋಡಿದೋರು ಏನಂತಾರೆ?"

"ಅವ್ವಾ!" ಗುರುವಿನ ಕಿವಿ ಕೆಂಪಾದವು.

ಬಾಯಿಯಲ್ಲಿ ಗೊಣಗಿದರೂ ಸಿದ್ದಲಿಂಗಮ್ಮ ರೊಟ್ಟಿಯ ಗಂಟು, ಶೇಂಗಾ ಚಟ್ನಿಪುಡಿ, ಮಂಡಕ್ಕಿ ಡಬ್ಬ ಎಲ್ಲವನ್ನೂ ಸೊಸೆಯ ಕೈಗೇ ಇಟ್ಟರು.

ಮೊದಲ ಬಿಡಾರ ಸೂಳೆಕೆರೆಯ ದಂಡೆಯ ಗುಡ್ಡದ ಮಗ್ಗುಲಲ್ಲಿ. ಮರುದಿನ ಸವಳಂಗದಲ್ಲಿ ತವರಿನ ಊಟ, ನ್ಯಾಮತಿ ಕಡೆಯ ಗುಡ್ಡಗಳಲ್ಲಿ ಸಣ್ಣ ಬಂಡೆಗಳು. ಅವಳು ಹತ್ತುತ್ತಿದ್ದಳು, ಅವನು ಹಾಸಿಗೆ ಹೊತ್ತು ಹಿಂದೆ ನಡೆಯುತ್ತಿದ್ದ. ಸಂಜೆ ಒಂದೇ ಕಂಬಳಿಯೊಳಗೆ ಕುಳಿತು ಮಂಡಕ್ಕಿ ಮುಕ್ಕುತ್ತಿದ್ದರು. ಮಾತು ಬಹಳ ಆಗುತ್ತಿತ್ತು. ಆದರೆ 'ನೀನಂದ್ರೆ ಇಷ್ಟ' ಎಂಬ ಮಾತು ಮಾತ್ರ ಇಬ್ಬರ ಬಾಯಿಂದಲೂ ಬಂದಿರಲಿಲ್ಲ. ಕೈ ಹಿಡಿಯಲೂ ಇಬ್ಬರಿಗೂ ಸಂಕೋಚ. ಹೆಸರಿಗಷ್ಟೇ ಗಂಡ ಹೆಂಡತಿ, ನೋಡಿ!

ಹೊನ್ನಾಳಿ ದಾಟಿ ಜಗಳೂರಿನತ್ತ ಗಾಡಿ ತಿರುಗಿದಾಗ ಅವಳ ಮಾತು ಕಡಿಮೆಯಾಯಿತು.

"ಯಾಕೆ ಮೇಘಾ?"

"ಅಲ್ಲೊಂದು ಬಂಡೆ ಐತ್ರಿ. ಎರಡು ಚಳಿಗಾಲ ಬಂದು ಸೋತು ಹೋಗೀನಿ. ಇಲ್ಲೀತನಕ ಯಾರೂ ಹತ್ತಿಲ್ಲ. ಭಾನುವಾರ ಬೇರೆ ಜಿಲ್ಲೆ ತಂಡ ಬರ್ತೈತಂತೆ, ಅವರು ಭಾಳ ಗಟ್ಟಿಗರು. ಅವರಿಗಿಂತ ಮುಂಚೆ ನಾನು ಹತ್ತಬೇಕು. ನಮ್ಮ ಜಿಲ್ಲೆ ಬಂಡೆ ಅದು... ಮೊದಲು ಹತ್ತಿದೋಳು ನಾನೇ ಆಗ್ಬೇಕು!"

ಅಂದು ಶುಕ್ರವಾರ.

* * *

ಹಿಂದೆಲ್ಲ ಮೇಘಶ್ರೀ ಗುಡ್ಡದ ಆಚೆ ಬದಿಯಿಂದ ಬಂದಿದ್ದಳು. ಈಚೆ ಬುಡದ ಕಡಲೆ ಹೊಲ ಅಜ್ಜಮ್ಮ ಎಂಬ ಮುದುಕಿಯದು. ಮೇಕೆ ಮೇಯಿಸುತ್ತಿದ್ದ ಆಕೆ, ಬೆನ್ನ ಮೇಲೆ ಹಾಸಿಗೆ ಹೊತ್ತು ಬರುತ್ತಿದ್ದ ಗುರುವನ್ನು ನೋಡಿ ಕೋಲೂರಿ ನಿಂತಳು.

"ಅಯ್ಯ ಶಿವನೇ! ಹಾಸಿಗೆ ಹೊತ್ಕಂಡು ಎಲ್ಲಿಗಪ್ಪಾ ಹೊಂಟಿ? ಮನೇಲಿ ನಿದ್ದೆ ಬರಾದಿಲ್ಲೇನು?"

"ಮಲಗಾಕಲ್ಲ ಅಜ್ಜಿ, ಬೀಳಾಕೆ!" ಎಂದು ಮೇಘಶ್ರೀ ನಕ್ಕಳು.

ಅಜ್ಜಮ್ಮನಿಗೆ ಅದು ಅರ್ಥವಾಗಲಿಲ್ಲ. ಆದರೂ ಹೊಲದಂಚಿನಲ್ಲಿ ಟೆಂಟು ಹಾಕಲು ಒಪ್ಪಿ, ಮೋಜು ನೋಡಲು ಮೇಕೆಗಳ ಸಮೇತ ಹಿಂದೆಯೇ ಬಂದಳು.

ಬಂಡೆ ಎರಡಾಳಿಗಿಂತ ಎತ್ತರ. ಮುಂದಕ್ಕೆ ಬಾಗಿದ ಹೊಟ್ಟೆ, ಅದರ ಮೇಲೆ ನುಣುಪು ನೆತ್ತಿ. ಹೊಟ್ಟೆ ದಾಟುವ ಜಾಗದಲ್ಲೇ ಪ್ರತಿ ಸಲ ಅವಳ ಬಲಗಾಲು ಜಾರುತ್ತಿತ್ತು. ಅವಳು ಬೆರಳಿಗೆ ಬೆವರು ಹೀರುವ ಚಾಕ್ ಪುಡಿ ಹಚ್ಚಿಕೊಳ್ಳುತ್ತಾ ಗಂಡನಿಗೆ ಹೇಳಿಕೊಟ್ಟಳು.

"ನೀವು ಕೈ ಎತ್ತಿ ನನ್ನ ಹಿಂದೆ ನಿಂತಿರ್ರಿ. ನಾನು ಬಿದ್ರೆ ತಲೆ ಕಲ್ಲಿಗೆ ತಾಗದಂಗೆ ಹಾಸಿಗೆ ಕಡೆ ತಿರುಗಿಸ್ರಿ."

"ಆಗ್ಲಿ."

ಸಂಜೆಯ ತಂಪು ಇಳಿಯುವವರೆಗೆ ಅವಳು ಮತ್ತೆ ಮತ್ತೆ ಬಿದ್ದಳು. ಬೆರಳ ತುದಿಯ ಚರ್ಮ ಕಿತ್ತು ಉರಿಯತೊಡಗಿತು. 'ಇದೊಂದು ಸಲ... ಇದೊಂದೇ ಸಲ!' ಎಂದುಕೊಂಡು ಮತ್ತೆ ಹತ್ತಿದಳು. ಬಂಡೆಯ ಹೊಟ್ಟೆ ಬಂತು. ಬಲಗಾಲು ಜಾರಿತು... ಇಲ್ಲ, ನಿಂತಿತು! ಎಲ್ಲಿಂದಲೋ ಕಾಲಿಗೆ ಬಲ ಬಂತು. ಅವಳು ಮೇಲಕ್ಕೆ ಚಿಮ್ಮಿದಳು. ನೆತ್ತಿಯ ಅಂಚು ಸಿಕ್ಕಿತು. ತೆವಳಿ, ಮೊಣಕಾಲೂರಿ, ಎದ್ದು ನಿಂತೇಬಿಟ್ಟಳು!

"ಹತ್ತಿದೆ! ಹತ್ತಿದೆ ಕಣ್ರೀ!"

ಕೆಳಗೆ ಗುರು ಹುಡುಗನಂತೆ ಕುಣಿದ. ಅಜ್ಜಮ್ಮ ಯಾಕೆಂದು ತಿಳಿಯದಿದ್ದರೂ ಚಪ್ಪಾಳೆ ತಟ್ಟಿದಳು. ಮೇಘಶ್ರೀ ಅಲ್ಲಿಂದಲೇ ದಾವಣಗೆರೆಯ ಗೆಳತಿ ಕಲ್ಪನಾಗೆ ಫೋನು ಹಚ್ಚಿ ಕಿರುಚಿದಳು. ಸ್ವಲ್ಪ ಹೊತ್ತಿಗೆ ಬಂಡೆ ಹತ್ತುವವರ ಇಡೀ ಬಳಗಕ್ಕೆ ಸುದ್ದಿ ಮುಟ್ಟಿತ್ತು.

* * *

ರಾತ್ರಿ ಟೆಂಟಿನ ಮುಂದಿನ ಬೆಂಕಿಯ ಬಳಿ ಅಜ್ಜಮ್ಮ ಕಡಲೆ ಸೊಪ್ಪಿನ ಸಾರು ತಂದಿಟ್ಟು ಕೇಳಿದಳು. "ಅಲ್ಲವ್ವಾ, ಅಷ್ಟು ಕಷ್ಟ ಯಾಕೆ? ನಿನ್ನ ಗಂಡ ಕೆಳಗಿಂದ ಎತ್ತಿ ಕೂರಿಸಿದ್ರೆ ಆಗ್ತಿತ್ತು!"

"ಅಂಗೆಲ್ಲ ಮಾಡಂಗಿಲ್ಲ ಅಜ್ಜಿ!" ಮೇಘಶ್ರೀ ನಕ್ಕಳು. "ಹತ್ತುವಾಗ ಯಾರೂ ಒಂದು ಬೆರಳೂ ತಾಗಿಸಂಗಿಲ್ಲ. ತಾಗಿದ್ರೆ ಅದು ಹತ್ತಿದ ಲೆಕ್ಕಕ್ಕೇ ಇಲ್ಲ. ಈ ಆಟಕ್ಕೆ ಅಂಪೈರ್ ಇಲ್ಲ, ಹತ್ತಿದೋರ ಮಾತೇ ಸಾಕ್ಷಿ."

ಗುರುವಿನ ಕೈಯಲ್ಲಿದ್ದ ರೊಟ್ಟಿ ಹಾಗೇ ಉಳಿಯಿತು.

ಅಲ್ಲಿಂದ ಅವನು ಮಂಕಾದ. ಕೇಳಿದ್ದಕ್ಕೆ ಹೂಂ, ಉಹೂಂ ಅಷ್ಟೇ. ಅಜ್ಜಮ್ಮ ಹೋದ ಮೇಲೆ ಮೇಘಶ್ರೀ ಅವನ ಪಕ್ಕ ಸರಿದು ಕುಳಿತಳು. ಇಂದಾದರೂ ಮನಸ್ಸಿನ ಮಾತು ಹೇಳಬೇಕೆಂದು ಅವಳು ತೀರ್ಮಾನಿಸಿದ್ದಳು.

ಅವನು ಬೆಂಕಿಯನ್ನೇ ನೋಡುತ್ತಾ ಕೇಳಿದ. "ಮೇಘಾ... ನಾಳೆ ಬೆಳಿಗ್ಗೆ ಇನ್ನೊಂದ್ಸಾರಿ ಹತ್ತಬಾರದಾ?"

"ಯಾಕೆ?"

"ಸುಮ್ನೆ. ಇನ್ನೊಂದ್ಸಾರಿ."

ಅವಳ ಮುಖ ಬಾಡಿತು. "ಇವತ್ತು ಹತ್ತಿದ್ದು ಸಾಲಲಿಲ್ಲೇನ್ರಿ ನಿಮಗೆ? ನಸೀಬಿಂದ ಆತು ಅಂತಾನಾ?"

"ಅಂಗಲ್ಲ..."

"ಮತ್ತೆ ಹೆಂಗೆ?"

ಅವನು ಬೆಂಕಿಗೆ ಇನ್ನೊಂದು ಕಟ್ಟಿಗೆ ಒಡ್ಡಿದ. ಅವಳು ಎದ್ದು ಒಳಗೆ ಹೋಗಿ ಕಂಬಳಿ ಎಳೆದುಕೊಂಡಳು. 'ಎರಡು ವರ್ಷದ ಕನಸು ಕಣ್ಣೆದುರೇ ನಿಜ ಆದರೂ ಇವರಿಗೆ ಖುಷಿ ಇಲ್ಲ! ಹತ್ತಾಕೆ ಬಿಡ್ತೀನಿ ಅಂದದ್ದು ಬಾಯಿಮಾತಿಗೆ. ಎಲ್ಲ ಗಂಡಸರೂ ಇಷ್ಟೇ...' ಬೆರಳಿನ ಉರಿಗಿಂತ ಆ ಯೋಚನೆಯೇ ಹೆಚ್ಚು ಉರಿಯಿತು.

* * *

ಬೆಳಿಗ್ಗೆ ಹೊಲದ ತುಂಬ ಮಂಜು. ಅವಳು ಊರಿಗೆ ಹೊರಡುವುದೆಂದು ನಿರ್ಧರಿಸಿಕೊಂಡೇ ಟೆಂಟಿನಿಂದ ಹೊರಬಂದಳು. ಗುರು ಅದಾಗಲೇ ಎದ್ದು ಚಹಾ ಕಾಯಿಸಿದ್ದ. ಕಣ್ಣು ಕೆಂಪಾಗಿದ್ದವು.

"ಸಾಮಾನು ಕಟ್ರಿ. ಹೋಗಾನ," ಎಂದಳು.

"ಮೇಘಾ, ಕೂತ್ಕ. ಒಂದು ಮಾತು ಹೇಳ್ಬೇಕು." ಅವನು ಚಹಾದ ಲೋಟ ಅವಳ ಮುಂದಿಟ್ಟ. "ನಿನ್ನೆ ನೀನು ಹತ್ತಿದ್ದು... ನಿಮ್ಮ ಆಟದ ಲೆಕ್ಕಕ್ಕೆ ಬರಾದಿಲ್ಲ."

"ಏನಂದ್ರಿ?"

"ನಿನ್ನ ಬಲಗಾಲು ಜಾರ್ತು ನೋಡು, ಆಗ ನಾನು ಶೂ ಕೆಳಗೆ ಅಂಗೈ ಕೊಟ್ಟೆ. ಒಂದೇ ಕ್ಷಣ. ಆಮೇಲೆ ನೀನು ಮ್ಯಾಲೆ ಹೋದೆ."

ಅವಳು ತನ್ನ ಬಲಗಾಲು ನೋಡಿಕೊಂಡಳು. ಎಲ್ಲಿಂದಲೋ ಕಾಲಿಗೆ ಬಂದ ಆ ಬಲ!

"ಬೇಕಂತ ಮಾಡಿದ್ದಲ್ಲ ಮೇಘಾ. ಸಣ್ಣೋನಿದ್ದಾಗಿಂದ ನಮ್ಮ ತೋಟದಾಗೆ ಮರದ ಕೆಳಗೆ ಬಲೆ ಹಿಡಿದೀನಿ. ಮ್ಯಾಲಿಂದ ಅಡಿಕೆ ಗೊನೆ ಕುಯ್ದ್ರೆ ಅದು ನೆಲಕ್ಕೆ ಬೀಳಬಾರ್ದು, ಬಿದ್ರೆ ಕಾಯಿ ಎಲ್ಲ ಚದುರಿ ಹೋಗ್ತಾವೆ. ಮ್ಯಾಲೆ ಏನಾದ್ರೂ ಜಾರಿದ್ರೆ ಸಾಕು, ನನ್ನ ತಲೆಗಿಂತ ಮುಂಚೆ ಕೈ ಹೋಗ್ತಾವೆ. ಮುಟ್ಟಬಾರ್ದು ಅಂತ ನನಗೆ ಗೊತ್ತೇ ಇರ್ಲಿಲ್ಲ. ನೀನು ಅಜ್ಜಿಗೆ ಹೇಳಿದಾಗ್ಲೇ ತಿಳಿದದ್ದು."

"ಆಗ್ಲೇ ಯಾಕೆ ಹೇಳಲಿಲ್ಲ?"

"ನಿನ್ನ ಮುಖ ನೋಡಿದೆ. ಮದುವೆ ದಿನಾನೂ ನೀನು ಹಂಗೆ ನಕ್ಕಿರ್ಲಿಲ್ಲ. ಅದನ್ನ ಕಿತ್ಕಳ್ಳಾಕೆ ಮನಸ್ಸಾಗ್ಲಿಲ್ಲ. ಅದಕ್ಕೇ ಇನ್ನೊಂದ್ಸಾರಿ ಹತ್ತು ಅಂದೆ... ಹೇಳದೇನೇ ಸರಿ ಆಗ್ಲಿ ಅಂತ. ಅದೂ ಮೋಸಾನೇ ಅಲ್ವಾ? ಬೈಯಿ, ಮಾತು ಬಿಡು. ಆದ್ರೆ ಸುಳ್ಳು ಗೆಲುವು ನಿನ್ನ ಹೆಸರಿಗೆ ಅಂಟೋದು ನನಗೆ ಬ್ಯಾಡ."

ಮೇಘಶ್ರೀ ಎದ್ದು ನಡೆದಳು. ಬಂಡೆಗೆ ಹಣೆಯಿಟ್ಟು ಅತ್ತಳು. ಸಿಟ್ಟು, ಅವಮಾನ, ದುಃಖ ಎಲ್ಲ ಒಟ್ಟಿಗೆ ಬಂದವು. ಇಡೀ ಬಳಗಕ್ಕೆ ಡಂಗುರ ಸಾರಿ ಆಗಿದೆ. ಈಗ ಏನೆಂದು ಹೇಳುವುದು?

ಅಳು ತಗ್ಗಿದ ಮೇಲೆ ಇನ್ನೊಂದು ಯೋಚನೆ ಬಂತು. ಅವನು ಬಾಯಿ ಬಿಡದಿದ್ದರೆ ಈ ಲೋಕದಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವಳಿಗೂ! ಸುಮ್ಮನಿದ್ದರೆ ಅವಳ ಪ್ರೀತಿ ಪುಕ್ಕಟೆಯಾಗಿ ಸಿಗುತ್ತಿತ್ತು. ಹೇಳಿದರೆ ಅವಳೇ ದೂರವಾಗಬಹುದು ಎಂದು ಗೊತ್ತಿದ್ದೂ ಹೇಳಿದ್ದ. ಯಾವ ಆಟವನ್ನು ಅವನು ಎಂದೂ ಆಡಿರಲಿಲ್ಲವೋ, ಆ ಆಟದ ಮರ್ಯಾದೆಯನ್ನು ಅವಳಿಗಾಗಿ ಕಾಪಾಡಿದ್ದ.

'ಇಂಥವನನ್ನು ಎಂಥವನೆಂದು ತಿಳಿದೆನಲ್ಲ...' ಅವಳ ಎದೆ ತುಂಬಿಬಂತು.

ಅವಳು ಕಣ್ಣೊರೆಸಿಕೊಂಡು ಕಲ್ಪನಾಗೆ ಫೋನು ಮಾಡಿದಳು. "ನಿನ್ನೇದು ಲೆಕ್ಕಕ್ಕಿಲ್ಲ ಕಣೇ. ಕೈ ತಾಗೈತಂತೆ. ಎಲ್ರಿಗೂ ಹೇಳಿಬಿಡು."

"ಹುಚ್ಚಿ! ಯಾರು ನೋಡಿದ್ರು? ನಾಳೆ ಆ ತಂಡ ಬರ್ತೈತೆ, ಸುಮ್ನಿರು!"

"ನಮ್ಮನೆಯವರು ನೋಡ್ಯಾರೆ. ಅಷ್ಟು ಸಾಕು."

ಹಿಂದೆ ನಿಂತಿದ್ದ ಗುರುವಿನ ಕಣ್ಣು ತೇವವಾದವು. ಅವನು ಮೆಲ್ಲಗೆ ಹೇಳಿದ. "ಹತ್ತೋದಾದ್ರೆ ನಾನು ದೂರ ನಿಲ್ತೀನಿ. ನನ್ನ ಕೈ ನಂಬಂಗಿಲ್ಲ."

"ನೀವೇ ನಿಲ್ಬೇಕು," ಎಂದಳು ಮೇಘಶ್ರೀ. "ಮುಟ್ಟಬ್ಯಾಡ್ರಿ ಅಂತ ನಾನೂ ಹೇಳಿರ್ಲಿಲ್ಲ, ಅದು ನನ್ನ ತಪ್ಪು. ಹಾಸಿಗೆ ತರ್ರಿ. ಬಿಸಿಲು ಬಿದ್ರೆ ಕಲ್ಲು ಕಾಯ್ತೈತೆ, ಆಮೇಲೆ ಬೆರಳು ನಿಲ್ಲಾದಿಲ್ಲ."

* * *

ಮಂಜು ಕರಗುತ್ತಿತ್ತು. ಬಿಸಿಲು ಗುಡ್ಡದ ನೆತ್ತಿಗೆ ಬಂದು ಒಂದೊಂದೇ ಬಂಡೆಯನ್ನು ಇಳಿಯುತ್ತಿತ್ತು. ಅವಳು ಚರ್ಮ ಕಿತ್ತುಹೋದ ಬೆರಳಿಗೆ ಪಟ್ಟಿ ಸುತ್ತಿ ಹತ್ತಿದಳು.

ಬಿದ್ದಳು. ಗುರು ಅವಳ ಬೆನ್ನು ಹಿಡಿದು ಹಾಸಿಗೆಯತ್ತ ತಿರುಗಿಸಿದ. ಸರಿಯಾಗಿಯೇ ತಿರುಗಿಸಿದ.

ಮತ್ತೆ ಹತ್ತಿದಳು. ಮತ್ತೆ ಬಿದ್ದಳು. ಪಟ್ಟಿಯ ಮೇಲೆ ರಕ್ತ ಕಂಡಿತು.

"ಸಾಕು ಮಾಡಾನ ಮೇಘಾ..."

"ಬಿಸಿಲು ಇನ್ನೂ ಇಲ್ಲಿಗೆ ಬಂದಿಲ್ಲ!"

ಮೇಕೆ ಬಿಟ್ಟು ಓಡಿಬಂದ ಅಜ್ಜಮ್ಮ ಬಾಯಿಗೆ ಸೆರಗು ಹಚ್ಚಿ ನಿಂತಳು. ಬಿಸಿಲು ಪಕ್ಕದ ಬಂಡೆಯವರೆಗೆ ಬಂದಿತ್ತು. ಇದೇ ಕೊನೆಯ ಸಲ. ಗಂಡ ಹೆಂಡತಿ ಇಬ್ಬರಿಗೂ ಅದು ಗೊತ್ತಿತ್ತು.

ಮೇಘಶ್ರೀ ಉಸಿರು ಬಿಗಿಹಿಡಿದು ಏರಿದಳು. ಎಡಗೈ. ಬಲಗೈ. ಬಾಗಿದ ಹೊಟ್ಟೆ. ಬಲಗಾಲನ್ನು ಅದೇ ಜಾಗದಲ್ಲಿಟ್ಟಳು.

ಜಾರಿತು!

ಅವಳು ಬರೀ ಎರಡು ಕೈಯ ಬಲದಲ್ಲಿ ನೇತಾಡಿದಳು. ಕೆಳಗೆ ಗುರುವಿನ ಕೈಗಳು ತಾವಾಗಿಯೇ ಮೇಲೆ ಚಿಮ್ಮಿದವು. ಅವಳ ಶೂ ಮತ್ತು ಅವನ ಅಂಗೈ ನಡುವೆ ಗೇಣೂ ಉಳಿದಿರಲಿಲ್ಲ. ಆದರೆ ಅಲ್ಲೇ ನಿಂತವು. ಹುಟ್ಟಿದಾಗಿನಿಂದ ಹಿಡಿಯುವುದನ್ನೇ ಕಲಿತ ಕೈಗಳು ಗಡಗಡ ನಡುಗಿದವು, ಆದರೂ ಮುಟ್ಟಲಿಲ್ಲ.

"ನಾನು ಇಲ್ಲೇ ಅದೀನಿ ಮೇಘಾ!" ಅವನು ಕೂಗಿದ. "ಕಾಲು ಇಡು! ನಿನ್ನ ಕೈಲಾಗ್ತೈತೆ, ಇಡು!"

ಆ ದನಿ ಅವಳ ಮೈಯೊಳಗೆ ಇಳಿಯಿತು. ಅವಳು ಹಲ್ಲು ಕಚ್ಚಿ ಸೊಂಟ ತಿರುಗಿಸಿದಳು. ಬಲಗಾಲನ್ನು ತಾನೇ ಎತ್ತಿ ತಂದು ತಾನೇ ಊರಿದಳು. ಶೂ ಕಲ್ಲನ್ನು ಕಚ್ಚಿತು. ಒಂದು ನೂಕು... ನೆತ್ತಿಯ ಅಂಚು ಅಂಗೈಗೆ ಬಂತು. ಮೊಣಕೈ ಊರಿದಳು, ಮೊಣಕಾಲು ಊರಿದಳು.

ಎದ್ದು ನಿಂತಳು!

ಸುತ್ತ ಜಗಳೂರಿನ ಬಯಲು, ಎಳೆ ಬಿಸಿಲು, ಹಸಿರು ಕಡಲೆ ಹೊಲ. ಈ ಸಲ ಅವಳು ಕಿರುಚಲಿಲ್ಲ. ಎರಡೂ ಕೈ ಮೇಲೆತ್ತಿ ನಿಂತು ನಗುತ್ತಾ ಅತ್ತಳು. ಇದು ಪೂರ್ತಿ ಅವಳದೇ ಗೆಲುವಾಗಿತ್ತು. ಕೆಳಗೆ ಅಜ್ಜಮ್ಮ ಬಾಯಿಗೆ ಬೆರಳಿಟ್ಟು ಹಾಕಿದ ಸಿಳ್ಳೆಗೆ ದೂರದ ಮೇಕೆಗಳೆಲ್ಲ ದಿಕ್ಕಾಪಾಲಾಗಿ ಓಡಿದವು!

ಬಂಡೆಯ ಹಿಂದೆ ಒಂದು ಸುಲಭದ ಇಳಿಜಾರಿತ್ತು. ಗುರು ಅಲ್ಲಿಂದ ಏದುಸಿರು ಬಿಡುತ್ತಾ ಮೇಲೆ ಬಂದ. ಬಂದವನು ಅವಳಿಂದ ಒಂದು ಹೆಜ್ಜೆ ದೂರದಲ್ಲೇ ನಿಂತ. ಕಣ್ಣಲ್ಲಿ ನೀರು, ಮುಖದ ತುಂಬ ನಗು. ಎರಡೂ ಕೈ ಮಾತ್ರ ಗಾಳಿಯಲ್ಲೇ ಇದ್ದವು.

"ಹತ್ತಿದೆ ನೋಡ್ರಿ," ಎಂದಳು ಅವಳು ಮೆಲ್ಲಗೆ.

"ನೋಡಿದೆ. ಯಾರು ಕೇಳಿದ್ರೂ ಹೇಳ್ತೀನಿ."

"ನೀವಂದ್ರೆ ನನಗೆ ಭಾಳ ಇಷ್ಟ ಕಣ್ರೀ."

"ನಾನು ಕೋಟೆ ಗುಡ್ಡದಾಗೇ ಬಿದ್ದೋನು ಮೇಘಾ. ಇನ್ನೂ ಎದ್ದಿಲ್ಲ."

ಅವಳು ನಕ್ಕಳು. ಆದರೂ ಅವನು ಹತ್ತಿರ ಬರಲಿಲ್ಲ.

"ಇನ್ನೂ ಯಾಕ್ರೀ ಅಂಗೇ ಕೈ ಎತ್ಕಂಡು ನಿಂತೀರಿ?"

"ನೀನು ಹೇಳಾತನಕ ಮುಟ್ಟಾದಿಲ್ಲ."

ಮೇಘಶ್ರೀ ಚಾಕ್ ಪುಡಿ ಮೆತ್ತಿದ, ರಕ್ತ ಒಸರಿದ ತನ್ನ ಎರಡೂ ಕೈಗಳನ್ನು ಅವನತ್ತ ಚಾಚಿದಳು.

"ಆಟ ಮುಗೀತು. ಈಗ ಮುಟ್ರಿ."